ಸೈನಿಕರಾಗಿದ್ದ ಮಂತ್ರಿ: ಮೇಜರ್ ಅಟ್ಲಿಯವರ ರಾಜಕೀಯ ಜೀವನ



ಬ್ರಿಟಿಷರು ನಮ್ಮ ದೇಶವನ್ನು ಬಿಟ್ಟು ಹೋಗಬೇಕೆಂದು ಅವರ ಕಡೆಯಿಂದ ತೀರ್ಮಾನ ಮಾಡಿದವರು ಯಾರು ಎಂದು ಅರಳಿಕಟ್ಟೆಯ ಮೇಲೆ ಕುಳಿತವರನ್ನು ಕೇಳಿನೋಡಿ. ಹತ್ತರಲ್ಲಿ ಒಂಬತ್ತು ಮಂದಿ ಮೌಂಟ್‌ಬ್ಯಾಟನ್ ಎನ್ನುವರು. ಮೌಂಟ್‌ಬ್ಯಾಟನ್ನರು ಬಂದದ್ದು ಆ ತೀರ್ಮಾನವನ್ನು ನಡೆಸಿಕೊಡುವುದಕ್ಕೆ. ತೀರ್ಮಾನವಾದದ್ದು ಲಂಡನ್ನಿನ ಮಂತ್ರಿಮಂಡಲದಲ್ಲಿ. ಅದರ ಮುಖ್ಯಸ್ಥರಾಗಿದ್ದವರು ಕ್ಲೆಮೆಂಟ್ ಅಟ್ಲಿ. ಸಣ್ಣ ಆಳು, ಬೋಳುತಲೆ, ಬಾಯಲ್ಲಿ ಪೈಪು, ಮಾತು ಬಹಳ ಕಡಿಮೆ. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿ ಮೇಜರ್ ಹುದ್ದೆಗೆ ಏರಿದ್ದವರು. ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೂ ಜನ ಅವರನ್ನು ‘ಮೇಜರ್ ಅಟ್ಲಿ’ ಎಂದೇ ಕರೆಯುತ್ತಿದ್ದರು.

ಗೊಬ್ಬರ, ಬಿತ್ತನೆ, ಬಾವಿಗಳ ವಿಷಯ ಬರುವ ಈ ಪತ್ರಿಕೆಯಲ್ಲಿ ಇಂಗ್ಲೆಂಡಿನ ಮಂತ್ರಿಗಳ ಕಥೆ ಏಕೆ ಎಂದು ನೀವು ಕೇಳಬಹುದು. ಕಾರಣವುಂಟು. ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದವರು ಪಂಚಾಯಿತಿ ಚುನಾವಣೆಗೆ ನಿಲ್ಲುವುದನ್ನು ನೀವು ಕಂಡಿದ್ದೀರಿ. ಆಗ ಊರಿನಲ್ಲಿ ಎರಡು ಮಾತು ಕೇಳಿಬರುತ್ತದೆ. “ಮಿಲಿಟರಿಯವರು ಶಿಸ್ತಿನವರು, ಊರು ನೆಟ್ಟಗಾದೀತು” ಎಂದು ಒಬ್ಬರೆಂದರೆ, “ಹುಕುಂ ಕೊಟ್ಟು ಅಭ್ಯಾಸವಾದವರು, ನಮ್ಮ ಮಾತು ಎಲ್ಲಿ ಕೇಳಿಯಾರು?” ಎಂದು ಇನ್ನೊಬ್ಬರು. ಈ ಎರಡು ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ನೋಡಲು ಅಟ್ಲಿಯವರ ಜೀವನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರಲಿಲ್ಲ. ಅವರು ಮಾಡಿದ ಕೆಲಸಗಳಲ್ಲಿ ಕೋಟ್ಯಂತರ ಜನಕ್ಕೆ ಅನ್ನ, ಔಷಧ ಕೊಟ್ಟವೂ ಇವೆ, ಲಕ್ಷಾಂತರ ಜನರ ಪ್ರಾಣಕ್ಕೆ ಎರವಾದವೂ ಇವೆ.

ಅಟ್ಲಿಯವರು ಹುಟ್ಟಿದ್ದು 1883ರ ಜನವರಿ 3ರಂದು, ಲಂಡನ್ನಿನ ಪಟ್ನಿ ಎಂಬಲ್ಲಿ. ತಂದೆ ಅನುಕೂಲಸ್ಥ ವಕೀಲರು. ಎಂಟು ಮಕ್ಕಳಲ್ಲಿ ಇವರು ಏಳನೆಯವರು. ಆಕ್ಸ್‌ಫರ್ಡಿನಲ್ಲಿ ಓದಿ ತಾವೂ ವಕೀಲರಾದರು. ಬಡವರ ಕಷ್ಟ ಆಗ ಅವರಿಗೆ ತಿಳಿದಿರಲಿಲ್ಲ. ರಾಜಕೀಯದಲ್ಲಿ ಹಳೆಯ ಸಂಪ್ರದಾಯದ ಕನ್ಸರ್ವೆಟಿವ್ ಪಕ್ಷದ ಕಡೆಯವರೇ ಆಗಿದ್ದರು.

1905ರಲ್ಲಿ ಅವರು ಲಂಡನ್ನಿನ ಪೂರ್ವ ಭಾಗದ ಸ್ಟೆಪ್ನಿ ಎಂಬ ಬಡಕೇರಿಗೆ ಹೋದರು. ಅವರು ಓದಿದ್ದ ಶಾಲೆಯವರು ಅಲ್ಲಿ ಬಡ ಹುಡುಗರಿಗಾಗಿ ಒಂದು ಸಂಘ ನಡೆಸುತ್ತಿದ್ದರು. ನೋಡಿಬರೋಣವೆಂದು ಹೋದವರು 1907ರಿಂದ ಅದರ ವ್ಯವಸ್ಥಾಪಕರಾಗಿ ಅಲ್ಲಿಯೇ ವಾಸಕ್ಕೆ ನಿಂತರು. ಹಡಗುಕಟ್ಟೆಯ ಬಾಗಿಲಲ್ಲಿ ಬೆಳಗಾಗೆದ್ದು ಕೂಲಿಗೆ ಕರೆಯುವರೋ ಇಲ್ಲವೋ ಎಂದು ಕಾಯುವ ಗಂಡಸರು, ಮನೆಯಲ್ಲಿ ಕುಳಿತು ಕಾಸಿಗಾಗಿ ಬಟ್ಟೆ ಹೊಲಿಯುವ ಹೆಂಗಸರು, ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಒಮ್ಮೆ ಬೀದಿಯಲ್ಲಿ ಒಂದು ಪುಟ್ಟ ಹುಡುಗಿ ಅವರ ಜೊತೆ ನಡೆಯುತ್ತ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿತಂತೆ. ಮನೆಗೆ, ಸಂಜೆಯ ತಿಂಡಿಗೆ ಎಂದರು. ನಾನೂ ಮನೆಗೇ ಹೋಗುತ್ತಿದ್ದೇನೆ, ತಿನ್ನಲು ಏನಾದರೂ ಇದೆಯೋ ನೋಡಲು ಎಂದಿತಂತೆ ಆ ಮಗು. ಬಡವರು ಸೋಮಾರಿತನದಿಂದ ಬಡವರಾಗಿದ್ದಾರೆ ಎಂಬ ತಮ್ಮ ಮನೆಯ ಕಡೆಯವರ ನಂಬಿಕೆ ಸ್ಟೆಪ್ನಿಯಲ್ಲಿ ಸುಳ್ಳಾಯಿತು. 1908ರಲ್ಲಿ ಅವರು ಕಾರ್ಮಿಕರ ಪಕ್ಷ ಸೇರಿದರು.

ಮುಂದಿನದು ನಮ್ಮಂಥ ಗ್ರಾಮಸೇವಕರು ಕೇಳಿ ಸಂತೋಷಪಡಬೇಕಾದ ಸಂಗತಿ. 1911ರಲ್ಲಿ ಬ್ರಿಟಿಷ್ ಸರ್ಕಾರ ಕಾರ್ಮಿಕರಿಗೆ ವಿಮೆಯ ಯೋಜನೆಯೊಂದನ್ನು ತಂದಿತು. ಕೂಲಿಯವನು ವಾರಕ್ಕೆ ನಾಲ್ಕು ಪೆನ್ನಿ, ಧಣಿ ಮೂರು, ಸರ್ಕಾರ ಎರಡು ಹಾಕುವುದು. ಕಾಯಿಲೆ ಬಿದ್ದರೆ ವಾರಕ್ಕೆ ಹತ್ತು ಷಿಲ್ಲಿಂಗು ದೊರೆಯುವುದು. ಜನಕ್ಕೆ ಇದು ಅರ್ಥವಾಗಲಿಲ್ಲ. ಕೂಲಿಯಲ್ಲಿ ನಾಲ್ಕು ಪೆನ್ನಿ ಕತ್ತರಿಸುವರಂತೆ ಎಂಬುದಷ್ಟೇ ಕಿವಿಗೆ ಬಿತ್ತು. ತಿಳಿಸಿ ಹೇಳಲು ಸರ್ಕಾರ ಕೆಲವರನ್ನು ಸಂಬಳಕ್ಕೆ ನೇಮಿಸಿತು. ‘ವಿವರಣಕಾರ’ ಎಂಬುದೇ ಅವರ ಹುದ್ದೆಯ ಹೆಸರು. ಅಟ್ಲಿಯವರು ಅವರಲ್ಲೊಬ್ಬರು. ಆ ಬೇಸಗೆಯೆಲ್ಲ ಎಸೆಕ್ಸ್, ಸಾಮರ್‌ಸೆಟ್ ಜಿಲ್ಲೆಗಳಲ್ಲಿ ಬೈಸಿಕಲ್ ತುಳಿದು ಊರೂರಿಗೆ ಹೋಗಿ ಸಭೆ ಸೇರಿಸಿ ಆ ಶಾಸನವನ್ನು ವಿವರಿಸಿದರು. ಬೆಳೆ ವಿಮೆಯ ಕಂತು ಏಕೆ ಕಟ್ಟಬೇಕು ಎಂದು ಹೊಲದ ಬದುವಿನ ಮೇಲೆ ನಿಂತು ಕೇಳುವ ರೈತರಿಗೆ ಉತ್ತರ ಹೇಳಿದ ಯಾವ ಗ್ರಾಮಸೇವಕನಿಗಾದರೂ ಆ ಬೈಸಿಕಲ್ಲಿನ ಕಷ್ಟ ಗೊತ್ತಾಗುತ್ತದೆ. ಮೂವತ್ನಾಲ್ಕು ವರ್ಷಗಳ ಮೇಲೆ ಪ್ರಧಾನಮಂತ್ರಿಯಾದಾಗ ಇದಕ್ಕಿಂತ ಎಷ್ಟೋ ದೊಡ್ಡ ವಿಮೆಯ ಶಾಸನವನ್ನು ತಂದವರು ಇದೇ ಬೈಸಿಕಲ್ ಸವಾರರು.

ಇನ್ನು ಸೈನ್ಯದ ಮಾತು. 1914ರ ಆಗಸ್ಟಿನಲ್ಲಿ ಯುದ್ಧ ಆರಂಭವಾದಾಗ ಅವರಿಗೆ 31 ವರ್ಷ. ವಯಸ್ಸು ಮೀರಿತೆಂದು ಮೊದಲು ತಿರಸ್ಕರಿಸಿದರು. ಬಿಡದೆ ಪ್ರಯತ್ನಿಸಿ ಸೌತ್ ಲ್ಯಾಂಕಷೈರ್ ರೆಜಿಮೆಂಟಿನ ಆರನೆಯ ಪಟಾಲಮಿನಲ್ಲಿ ಅಧಿಕಾರಿಯಾದರು. ಅದೇ ಮನೆಯಲ್ಲಿ ಹುಟ್ಟಿದ ಅಣ್ಣ ಟಾಮ್, ಕೊಲ್ಲುವುದು ತನ್ನ ಧರ್ಮಕ್ಕೆ ವಿರೋಧವೆಂದು ಸೈನ್ಯಕ್ಕೆ ಸೇರಲು ಒಪ್ಪದೆ ಜೈಲಿಗೆ ಹೋದರು. ಅಣ್ಣ ಜೈಲಿನಲ್ಲಿ, ತಮ್ಮ ರಣರಂಗದಲ್ಲಿ. ಇಷ್ಟಾದರೂ ಅಣ್ಣತಮ್ಮಂದಿರ ಪ್ರೀತಿ ಕೆಡಲಿಲ್ಲ.

1915ರಲ್ಲಿ ಅವರ ಪಟಾಲಮನ್ನು ತುರ್ಕಿಯ ಗಲ್ಲಿಪೋಲಿಗೆ ಕಳುಹಿಸಿದರು. ಸಮುದ್ರದ ದಂಡೆಯಲ್ಲಿ ಇಳಿದ ಬ್ರಿಟಿಷ್ ಸೈನ್ಯ ಗುಡ್ಡದ ಮೇಲಿದ್ದ ತುರ್ಕರನ್ನು ಸರಿಸಲಾರದೆ ತಿಂಗಳುಗಟ್ಟಲೆ ಕಂದಕಗಳಲ್ಲಿ ಬಿದ್ದಿತ್ತು. ಗುಂಡಿಗೆ ಸತ್ತವರ ಜೊತೆಗೆ ನೊಣ, ಕೆಟ್ಟ ನೀರು, ಆಮಶಂಕೆಗಳಿಂದ ನೆಲ ಹಿಡಿದವರೂ ಬಹಳ. ಅಟ್ಲಿಯವರಿಗೂ ಆಮಶಂಕೆ ತಗಲಿ ಮಾಲ್ಟಾದ ಆಸ್ಪತ್ರೆಗೆ ಸಾಗಿಸಿದರು. ಅವರು ಅಲ್ಲಿ ಮಲಗಿದ್ದಾಗಲೇ ಆಗಸ್ಟಿನ ದೊಡ್ಡ ಹೋರಾಟದಲ್ಲಿ ಅವರ ಪಟಾಲಮಿನ ಬಹುಮಂದಿ ಮಡಿದರು. ಗುಣವಾದ ಮೇಲೆ ಮತ್ತೆ ಅಲ್ಲಿಗೇ ಹೋದರು.

ಕೊನೆಗೆ ಆ ಜಾಗವನ್ನು ಬಿಡುವುದೆಂದು ಗೊತ್ತಾಯಿತು. ಶತ್ರುವಿನ ಎದುರಿಗಿದ್ದು ಹಿಂದಕ್ಕೆ ಸರಿಯುವುದು ಮುಂದೆ ನುಗ್ಗುವುದಕ್ಕಿಂತ ಕಷ್ಟದ ಕೆಲಸ. ಸುವ್ಲಾ ಮತ್ತು ಅದರ ಪಕ್ಕದ ನೆಲೆಯಲ್ಲಿ ಸುಮಾರು 80,000 ಜನರಿದ್ದರು. ರಾತ್ರಿ ರಾತ್ರಿ ಕೆಲವರನ್ನು ಹಡಗಿಗೆ ಹತ್ತಿಸುತ್ತ, ಹಗಲು ಎಲ್ಲರೂ ಇದ್ದಂತೆಯೇ ತೋರಿಸುತ್ತ ಕಾಲ ಹಾಕಿದರು. ಪಕ್ಕದ ನೆಲೆಯಲ್ಲಿ ತಗಡಿನ ಡಬ್ಬಿಯಿಂದ ನೀರು ತೊಟ್ಟಿಕ್ಕಿ ಭಾರವಾದಾಗ ತಾನಾಗಿ ಸಿಡಿಯುವ ಬಂದೂಕುಗಳನ್ನು ಕಟ್ಟಿಟ್ಟಿದ್ದರು. ಆಳಿಲ್ಲದ ಕಂದಕದಿಂದ ಗುಂಡು ಹಾರುತ್ತಿತ್ತು. 1915ರ ಡಿಸೆಂಬರ್ 20ರ ಬೆಳಗಿನ ಜಾವದ ಹೊತ್ತಿಗೆ ಸುವ್ಲಾ ಖಾಲಿಯಾಯಿತು. ಕಟ್ಟಕಡೆಯ ಕಾವಲಿನ ದಳದಲ್ಲಿದ್ದವರು ಅಟ್ಲಿ. ತಮ್ಮವರನ್ನೆಲ್ಲ ದೋಣಿ ಹತ್ತಿಸಿ ಆ ದಂಡೆಯನ್ನು ಬಿಟ್ಟವರಲ್ಲಿ ಅವರು ಕೊನೆಯವರಿಗೆ ಹಿಂದಿನವರು. ಕೊನೆಯವರು ಜನರಲ್ ಮಾಡ್. ಸರಿಯುವಾಗ ಆದ ಪ್ರಾಣಹಾನಿ ಇಲ್ಲವೆಂಬಷ್ಟು ಕಡಿಮೆ. ಈ ಸಂಗತಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಾರನೆಯ ವರ್ಷ ಮೆಸೊಪೊಟೇಮಿಯ, ಅಂದರೆ ಈಗಿನ ಇರಾಕು. ಅಲ್ಲಿ ಕುಟ್ ಎಂಬ ಊರಿನಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಸೈನ್ಯದಲ್ಲಿ ಹೆಚ್ಚಿನವರು ನಮ್ಮ ದೇಶದ ಸಿಪಾಯಿಗಳು. ಅವರನ್ನು ಬಿಡಿಸಲು ಹೋದ ದಳದಲ್ಲಿ ಅಟ್ಲಿಯವರಿದ್ದರು. 1916ರ ಏಪ್ರಿಲಿನಲ್ಲಿ ಶತ್ರುವಿನ ಕಂದಕಕ್ಕೆ ನುಗ್ಗುವಾಗ ತಮ್ಮದೇ ಕಡೆಯ ಫಿರಂಗಿಯ ಚೂರು ಬಡಿದು ಗಾಯಗೊಂಡರು. ಚಿಕಿತ್ಸೆಗೆ ಅವರನ್ನು ಮೊದಲು ಸಾಗಿಸಿದ್ದು ಭಾರತಕ್ಕೆ. 1917ರಲ್ಲಿ ಮೇಜರ್ ಆದರು. 1918ರಲ್ಲಿ ಫ್ರಾನ್ಸಿನ ರಣರಂಗವನ್ನೂ ನೋಡಿದರು.

ಊರಿಗೆ ಮರಳಿದವರು ಪಟ್ನಿಯ ಅನುಕೂಲದ ಮನೆಗೆ ಹೋಗಲಿಲ್ಲ, ಸ್ಟೆಪ್ನಿಗೇ ಹೋದರು. 1919ರಲ್ಲಿ ಅಲ್ಲಿಯ ಪೌರಸಭೆಯ ಮೇಯರ್ ಆದರು. ಸೈನಿಕ ರಾಜಕಾರಣಿಯಾದರೆ ಏನು ಮಾಡಬಲ್ಲನೆಂಬುದಕ್ಕೆ ಈ ಒಂದು ವರ್ಷದ ಕೆಲಸ ಸಾಕು. ಬಾಡಿಗೆ ವಸೂಲು ಮಾಡಿಯೂ ಸೋರುವ ಮಾಡನ್ನು, ಒಡೆದ ಚರಂಡಿಯನ್ನು ರಿಪೇರಿ ಮಾಡಿಸದ ಮನೆಮಾಲೀಕರಿಗೆ ಕಾನೂನಿನ ನೋಟೀಸುಗಳನ್ನು ಕೊಡಿಸಿದರು. ಕೊಡಿಸಿ ಸುಮ್ಮನಾಗದೆ ಜಾರಿಮಾಡಿಸಿದರು. ಕಾನೂನು ಮೊದಲೂ ಇತ್ತು. ಜಾರಿಮಾಡುವವರು ಇರಲಿಲ್ಲ, ಅಷ್ಟೆ. ನೈರ್ಮಲ್ಯದ ಇನ್‌ಸ್ಪೆಕ್ಟರುಗಳನ್ನೂ ಮನೆಮನೆಗೆ ಹೋಗಿ ಬಾಣಂತಿ, ಕೂಸುಗಳನ್ನು ನೋಡುವ ಆರೋಗ್ಯ ಸಂದರ್ಶಕಿಯರನ್ನೂ ನೇಮಿಸಿದರು. ಕೂಸುಗಳ ಮರಣ ಕಡಿಮೆಯಾಯಿತು. ಯುದ್ಧದಿಂದ ಹಿಂತಿರುಗಿ ಕೆಲಸವಿಲ್ಲದೆ ಕುಳಿತಿದ್ದವರಿಗೆ ಕೆಲಸ ಹುಡುಕಿಸಿದರು. 1920ರಲ್ಲಿ ಸಮಾಜಸೇವೆಯ ಬಗ್ಗೆ ಒಂದು ಪುಸ್ತಕ ಬರೆದರು. ಬಡವನಿಗೆ ಸಿಗಬೇಕಾದದ್ದು ಸಾಹುಕಾರನ ಮನಸ್ಸು ಬಂದಾಗ ಕೊಡುವ ಭಿಕ್ಷೆಯಲ್ಲ, ತೆರಿಗೆಯ ಹಣದಿಂದ ಹಕ್ಕಾಗಿ ಬರುವ ನೆರವು ಎಂಬುದು ಅದರ ತಿರುಳು.

1922ರಲ್ಲಿ ಪಕ್ಕದ ಲೈಮ್‌ಹೌಸ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿಬಂದರು. 1924ರಲ್ಲಿ ಮೊದಲ ಸಲ ಲೇಬರ್ ಪಕ್ಷದ ಸರ್ಕಾರವಾದಾಗ ಯುದ್ಧ ಖಾತೆಯ ಉಪಮಂತ್ರಿಯಾದರು. ಆ ಖಾತೆಯ ಹಿರಿಯ ಮಂತ್ರಿ ಸ್ಟೀಫನ್ ವಾಲ್ಷ್ ಎಂಬವರು ಕಲ್ಲಿದ್ದಲ ಗಣಿಯಲ್ಲಿ ದುಡಿದವರು. ಗಣಿಕಾರ್ಮಿಕರು ಮೇಲೆ, ಮೇಜರ್ ಕೆಳಗೆ, ಜನರಲ್ಲುಗಳು ಅವರಿಬ್ಬರ ಮುಂದೆ ಕಾಗದ ಹಿಡಿದು ನಿಲ್ಲುವುದು. ಪ್ರಜಾಪ್ರಭುತ್ವವೆಂದರೆ ಏನೆಂದು ಶಾಲೆಯ ಮಕ್ಕಳಿಗೆ ಹೇಳಬೇಕಾದಾಗ ನಾನು ಈ ಚಿತ್ರವನ್ನು ಹೇಳುವುದುಂಟು.

ಅಟ್ಲಿಯವರ ಹೆಸರು ನಮ್ಮ ದೇಶದಲ್ಲಿ ಮೊದಲು ಕೇಳಿಬಂದದ್ದು ಒಳ್ಳೆಯ ಕಾರಣಕ್ಕಲ್ಲ. ನಮ್ಮ ರಾಜ್ಯಾಂಗ ಹೇಗಿರಬೇಕೆಂದು ವಿಚಾರಿಸಲು 1927ರಲ್ಲಿ ನೇಮಿಸಿದ ಸೈಮನ್ ಆಯೋಗದ ಏಳು ಜನರಲ್ಲಿ ಅವರೊಬ್ಬರು. ಏಳೂ ಜನ ಬ್ರಿಟಿಷರು. ಭಾರತೀಯರು ಒಬ್ಬರೂ ಇಲ್ಲ. ಹೋದಲ್ಲೆಲ್ಲ ಕಪ್ಪು ಬಾವುಟ, ಬಹಿಷ್ಕಾರ. 1928ರ ಅಕ್ಟೋಬರ್ 30ರಂದು ಲಾಹೋರಿನಲ್ಲಿ ಪ್ರತಿಭಟಿಸಿದವರ ಮೇಲೆ ಪೋಲೀಸರು ಲಾಠಿ ಬೀಸಿದರು. ಪೆಟ್ಟು ತಿಂದ ಲಾಲಾ ಲಜಪತರಾಯರು ನವೆಂಬರ್ 17ರಂದು ತೀರಿಕೊಂಡರು. ಎರಡು ಸಲ ಬಂದು ತಿಂಗಳುಗಟ್ಟಲೆ ಸುತ್ತಿದ ಅಟ್ಲಿಯವರಿಗೆ ಒಂದು ಉಪಯೋಗವಾಯಿತು. ಈ ದೇಶದ ಗಾತ್ರ, ಇಲ್ಲಿಯ ಕಗ್ಗಂಟುಗಳು ಕಣ್ಣಿಗೆ ಬಿದ್ದವು. ಭಾರತವನ್ನು ಹೊರಗಿನಿಂದ ಆಳುವುದು ಇನ್ನು ನಡೆಯದು ಎಂಬ ಅಭಿಪ್ರಾಯ ಮುಂದಿನ ವರ್ಷಗಳಲ್ಲಿ ಅವರಲ್ಲಿ ಬಲಿಯಿತು.

ಆ ಬಳಿಕ 1930ರಲ್ಲಿ ಮತ್ತೆ ಮಂತ್ರಿ, 1931ರಲ್ಲಿ ಅಂಚೆಯ ಖಾತೆ. ಅದೇ ವರ್ಷ ಅವರ ಪಕ್ಷ ಒಡೆದು ಚುನಾವಣೆಯಲ್ಲಿ ನೆಲಕಚ್ಚಿತು. ಹಿರಿಯರಲ್ಲಿ ಬಹುಮಂದಿ ಸೋತರು, ಅಟ್ಲಿಯವರು 551 ಮತಗಳಿಂದ ಉಳಿದುಕೊಂಡರು. ಉಳಿದವರೇ ಕೈಬೆರಳೆಣಿಕೆಯಷ್ಟು ಇದ್ದುದರಿಂದ ಎಲ್ಲ ವಿಷಯಕ್ಕೂ ಅವರೇ ಎದ್ದು ಮಾತಾಡಬೇಕಾಯಿತು. ಹೀಗೆ ಎಲ್ಲ ಖಾತೆಗಳ ಪಾಠವೂ ಆಯಿತು. 1935ರಲ್ಲಿ ಪಕ್ಷದ ನಾಯಕರಾದರು. ಈ ಮೂಗಬಸವಣ್ಣ ಎಷ್ಟು ದಿನ ಇರುತ್ತಾನು ಎಂದು ಅವರ ಪಕ್ಷದವರೇ ಅಂದುಕೊಂಡರು. ಇಪ್ಪತ್ತು ವರ್ಷ ಇದ್ದರು.

ಎರಡನೆಯ ಮಹಾಯುದ್ಧದಲ್ಲಿ, 1940ರ ಮೇ ತಿಂಗಳಿಂದ, ಚರ್ಚಿಲ್ಲರ ಸರ್ವಪಕ್ಷ ಸರ್ಕಾರದಲ್ಲಿ ಅವರು ಸೇರಿದರು; 1942ರಲ್ಲಿ ಉಪಪ್ರಧಾನಿಯಾದರು. ಚರ್ಚಿಲ್ಲರು ಭಾಷಣ ಮಾಡಿ, ದೇಶದೇಶ ಸುತ್ತಿ ಯುದ್ಧ ನಡೆಸುತ್ತಿದ್ದಾಗ ಹಿಂದೆ ಸಮಿತಿಗಳಲ್ಲಿ ಕುಳಿತು ಪಡಿತರ, ಕೂಲಿ, ಕಾರ್ಖಾನೆಗಳ ಕಾಗದ ತೀರಿಸುತ್ತಿದ್ದವರು ಅಟ್ಲಿ. ಒಂದು ಕಹಿಯನ್ನೂ ಹೇಳಿಬಿಡಬೇಕು. 1942ರ ಆಗಸ್ಟಿನಲ್ಲಿ ಗಾಂಧೀಜಿಯವರನ್ನೂ ಕಾಂಗ್ರೆಸ್ ಮುಖಂಡರನ್ನೂ ಬಂಧಿಸಲು ಲಂಡನ್ನಿನಲ್ಲಿ ಒಪ್ಪಿಗೆ ದೊರೆತಾಗ ಚರ್ಚಿಲ್ಲರು ಊರಿನಲ್ಲಿರಲಿಲ್ಲ. ಮಂತ್ರಿಮಂಡಲದ ಅಧ್ಯಕ್ಷತೆ ವಹಿಸಿದ್ದವರು ಅಟ್ಲಿಯವರೇ. ಆ ಬಂಧನದಿಂದ ಎದ್ದ ಕಿಚ್ಚು ನಮ್ಮ ಈಸೂರಿನವರೆಗೆ ಹಬ್ಬಿದ್ದು ನಿಮಗೆಲ್ಲ ಗೊತ್ತೇ ಇದೆ.

1945ರ ಜುಲೈ 26ರಂದು ಚುನಾವಣೆಯ ಫಲಿತಾಂಶ ಬಂತು. ಯುದ್ಧ ಗೆಲ್ಲಿಸಿದ ಚರ್ಚಿಲ್ಲರ ಪಕ್ಷ ಸೋತಿತು. ಲೇಬರ್ ಪಕ್ಷಕ್ಕೆ 393 ಸ್ಥಾನ. ಹೆಂಡತಿ ವಯೊಲೆಟ್ ನಡೆಸುತ್ತಿದ್ದ ಮನೆಯ ಸಣ್ಣ ಕಾರಿನಲ್ಲಿ ಕುಳಿತು ಅಟ್ಲಿಯವರು ಅರಮನೆಗೆ ಹೋಗಿ ಪ್ರಧಾನಮಂತ್ರಿಯಾಗಿ ಹಿಂತಿರುಗಿದರು.

ಮಂತ್ರಿಮಂಡಲವೆಂದರೆ ಏನು, ಅದು ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ನೋಡೋಣ. ಪಂಚಾಯಿತಿ ಸಭೆಯನ್ನೇ ದೊಡ್ಡದು ಮಾಡಿ ನೆನೆಯಿರಿ. ಒಬ್ಬೊಬ್ಬ ಮಂತ್ರಿಗೆ ಒಂದೊಂದು ಖಾತೆ. ಪ್ರತಿಯೊಬ್ಬರಿಗೂ ತಮ್ಮ ಖಾತೆಗೇ ಹಣ ಬೇಕು. ಅವರ ಮಂತ್ರಿಗಳಲ್ಲಿ ಎರ್ನೆಸ್ಟ್ ಬೆವಿನ್ ಹುಡುಗನಾಗಿ ಹೊಲದ ಕೂಲಿ ಮಾಡಿದವರು, ಅನ್ಯೂರಿನ್ ಬೆವನ್ ಗಣಿಯಲ್ಲಿ ದುಡಿದವರು. ಎಲ್ಲರೂ ದೊಡ್ಡ ದನಿಯವರು, ಒಬ್ಬರಿಗೊಬ್ಬರು ಆಗದವರೂ ಇದ್ದರು. ಅಟ್ಲಿಯವರು ಪೈಪು ಸೇದುತ್ತ ಎಲ್ಲರ ಮಾತನ್ನೂ ಕೇಳುವರು. ಕಾಗದದಲ್ಲಿ ಬರೆದದ್ದನ್ನೇ ಮತ್ತೆ ಓದಲು ಹೊರಟವರನ್ನು ತಡೆದು, ಅದನ್ನು ಓದಿಯಾಗಿದೆ, ಹೊಸದೇನಾದರೂ ಇದ್ದರೆ ಹೇಳಿ ಎನ್ನುವರು. ಕೊನೆಗೆ ಎರಡು ವಾಕ್ಯದಲ್ಲಿ ತೀರ್ಮಾನ ಹೇಳಿ ಮುಂದಿನ ವಿಷಯ ತೆಗೆಯುವರು. ಹುಕುಂ ಕೊಟ್ಟು ಅಭ್ಯಾಸವಾದವರು ಮಾತು ಕೇಳುವುದಿಲ್ಲ ಎಂಬ ಅಂಜಿಕೆ ಇವರ ವಿಷಯದಲ್ಲಿ ಸುಳ್ಳಾಯಿತು. ಆದರೆ ಅಣುಬಾಂಬು ಮಾಡುವ ತೀರ್ಮಾನವನ್ನು ಮಾತ್ರ 1947ರ ಜನವರಿಯಲ್ಲಿ ಕೆಲವೇ ಮಂತ್ರಿಗಳ ಗುಟ್ಟಿನ ಸಮಿತಿಯಲ್ಲಿ ಮುಗಿಸಿದರು. ಅದು ಅವರ ಪದ್ಧತಿಗೇ ಹೊಂದದ ಕೆಲಸ.

ದೇಶ ಆಗ ದಿವಾಳಿಯ ಅಂಚಿನಲ್ಲಿತ್ತು. ಅಮೆರಿಕದಿಂದ 375 ಕೋಟಿ ಡಾಲರು ಸಾಲ ತಂದರು. ಯುದ್ಧಕಾಲದಲ್ಲೂ ಇಲ್ಲದ ರೊಟ್ಟಿಯ ಪಡಿತರವನ್ನು 1946ರ ಜುಲೈಯಿಂದ ಎರಡು ವರ್ಷ ನಡೆಸಬೇಕಾಯಿತು. ಇಂಥ ಬಡತನದಲ್ಲಿಯೂ 1948ರ ಜುಲೈ 5ರಂದು ಎರಡು ದೊಡ್ಡ ಕೆಲಸಗಳು ಒಟ್ಟಿಗೆ ಜಾರಿಗೆ ಬಂದವು. ಒಂದು, ಕಾಯಿಲೆ, ನಿರುದ್ಯೋಗ, ಮುಪ್ಪುಗಳಿಗೆಲ್ಲ ರಾಷ್ಟ್ರೀಯ ವಿಮೆ. ಇನ್ನೊಂದು, ಬಡವ ಬಲ್ಲಿದನೆನ್ನದೆ ಎಲ್ಲರಿಗೂ ಹಣ ಕೇಳದೆ ಚಿಕಿತ್ಸೆ ಕೊಡುವ ರಾಷ್ಟ್ರೀಯ ಆರೋಗ್ಯ ಸೇವೆ. ಆ ಸೇವೆ ಇಂದಿಗೂ ನಡೆದುಬಂದಿದೆ. ಸ್ಟೆಪ್ನಿಯಲ್ಲಿ ಕಂಡದ್ದು, ಬೈಸಿಕಲ್ಲಿನ ಮೇಲೆ ಹೇಳಿದ್ದು ಇಲ್ಲಿ ಫಲ ಕೊಟ್ಟಿತು.

ರೈತರಿಗೆ ಸಂಬಂಧಿಸಿದ್ದು 1947ರ ಕೃಷಿ ಶಾಸನ. ಕೃಷಿ ಮಂತ್ರಿ ಟಾಮ್ ವಿಲಿಯಮ್ಸ್ ಅವರೂ ಗಣಿಯ ಕಾರ್ಮಿಕರಾಗಿದ್ದವರೇ. ಮುಖ್ಯ ಬೆಳೆಗಳಿಗೂ ಹಾಲು, ಮಾಂಸ, ಮೊಟ್ಟೆಗಳಿಗೂ ಸರ್ಕಾರ ಮೊದಲೇ ಬೆಲೆ ಗೊತ್ತುಮಾಡಿ ಭರವಸೆ ಕೊಡುವುದು. ಪ್ರತಿ ವರ್ಷ ರೈತರ ಪ್ರತಿನಿಧಿಗಳ ಜೊತೆ ಕುಳಿತು ಆ ಬೆಲೆಯನ್ನು ಪರಿಶೀಲಿಸುವುದು. ಗೇಣಿದಾರನನ್ನು ಸುಮ್ಮಸುಮ್ಮನೆ ಎಬ್ಬಿಸದಂತೆ ರಕ್ಷಣೆ. ಇದಕ್ಕೆ ಪ್ರತಿಯಾಗಿ ರೈತ ಜಮೀನನ್ನು ಚೆನ್ನಾಗಿ ಸಾಗುವಳಿ ಮಾಡಬೇಕು. ಪಾಳು ಬಿಟ್ಟು ಕೆಡಿಸಿದರೆ ಜಮೀನು ಕಿತ್ತುಕೊಳ್ಳುವ ಅಧಿಕಾರವೂ ಆಗ ಇತ್ತು. ರೈತರಿಗೆ ಸಲಹೆ ಕೊಡುವ ರಾಷ್ಟ್ರೀಯ ಕೃಷಿ ಸಲಹಾ ಸೇವೆಯನ್ನು 1946ರಲ್ಲಿಯೇ ತೆರೆದಿದ್ದರು. ಬ್ರಿಟನ್ 1973ರಲ್ಲಿ ಯೂರೋಪಿನ ಒಕ್ಕೂಟ ಸೇರುವವರೆಗೆ ಈ ಬೆಲೆ ಭರವಸೆಯ ಪದ್ಧತಿಯೇ ಅಲ್ಲಿಯ ಬೇಸಾಯಕ್ಕೆ ಆಧಾರವಾಗಿತ್ತು.

ಇದೇ ಸರ್ಕಾರ ಮಾಡಿದ ಇನ್ನೊಂದು ಬೇಸಾಯದ ಕಥೆಯನ್ನು ಕೃಷಿ ಡಿಪ್ಲೊಮಾ ಓದಿದ ನಾನು ಬಿಡುವ ಹಾಗಿಲ್ಲ. ಯುದ್ಧವಾದ ಮೇಲೆ ಬ್ರಿಟನ್ನಿನಲ್ಲಿ ಅಡಿಗೆಗೆ ಎಣ್ಣೆ, ಕೊಬ್ಬು ಸಿಗದಾಗಿತ್ತು. ಆಗ ತಮ್ಮ ಆಡಳಿತದಲ್ಲಿದ್ದ ಪೂರ್ವ ಆಫ್ರಿಕದ ಟಾಂಗಾನಿಕದಲ್ಲಿ, ಅಂದರೆ ಈಗಿನ ಟಾಂಜಾನಿಯದಲ್ಲಿ, ಕಾಡು ಕಡಿದು ಕಡಲೆಕಾಯಿ ಬೆಳೆಯುವ ಯೋಜನೆ ಹೂಡಿದರು. ಗುರಿ 32 ಲಕ್ಷ ಎಕರೆ! ನೆಲ ನೋಡಲು ಹೋದ ತಂಡ ಕೆಲವೇ ವಾರ ಸುತ್ತಿ ವರದಿ ಬರೆಯಿತು. ಕೆಲಸಕ್ಕೆ ಮಾಜಿ ಸೈನಿಕರು ಬಹುಮಂದಿ ಮುಂದೆ ಬಂದರು. ‘ಕಡಲೆಕಾಯಿ ಸೈನ್ಯ’ ಎಂದೇ ಹೆಸರಾಯಿತು. ಯುದ್ಧದಲ್ಲಿ ಉಳಿದ ಹಳೆಯ ಟ್ರಾಕ್ಟರುಗಳನ್ನು ಕೊಂಡರು, ಟ್ಯಾಂಕುಗಳನ್ನೇ ಟ್ರಾಕ್ಟರು ಮಾಡಿಸಿದರು. ಮುಖ್ಯ ಶಿಬಿರ ಕೊಂಗ್ವಾ ಎಂಬಲ್ಲಿ. ಅಲ್ಲಿಯ ದಪ್ಪ ಬಾವೊಬಾಬ್ ಮರಗಳು ಯಂತ್ರಗಳನ್ನು ಮುರಿದವು. ಮಳೆಯೋ, ನಂಬುವ ಹಾಗಿಲ್ಲ. ನೆಲವಂತೂ ಜೇಡಿ, ಮಳೆ ನಿಂತು ಬಿಸಿಲು ಬಿದ್ದರೆ ಇಟ್ಟಿಗೆಯಂತೆ ಗಟ್ಟಿಯಾಗುವುದು.

ಕಡಲೆಕಾಯಿ ಬೆಳೆಯುವ ನಮ್ಮ ರೈತರನ್ನು ಕೇಳಿದ್ದರೆ ಒಂದು ನಿಮಿಷದಲ್ಲಿ ಉತ್ತರ ಹೇಳುತ್ತಿದ್ದರು. ಹೂವು ಬಾಡಿದ ಮೇಲೆ ಹೊರಡುವ ಸೂಜಿಯಂಥ ತೊಟ್ಟು ನೆಲದೊಳಕ್ಕೆ ಇಳಿದರೆ ತಾನೆ ಕಾಯಿ ಕಟ್ಟುವುದು? ನೆಲ ಸಡಿಲವಿಲ್ಲದಿದ್ದರೆ ಅದು ಎಲ್ಲಿ ಇಳಿದೀತು? ಇಳಿದು ಕಟ್ಟಿದರೂ ಕೀಳುವಾಗ ಗಿಡ ಕೈಗೆ ಬರುವುದು, ಕಾಯಿ ನೆಲದಲ್ಲೇ ಉಳಿಯುವುದು. ಕೊಂಗ್ವಾದಲ್ಲಿ ಹೀಗೆಯೇ ಆಯಿತು. ಬಿತ್ತನೆಗೆ ತಂದ ಬೀಜದಷ್ಟೂ ಬೆಳೆ ಕೈಗೆ ಬರಲಿಲ್ಲವೆಂಬ ಮಾತು ಇಂಗ್ಲೆಂಡಿನಲ್ಲಿ ಗಾದೆಯಂತೆ ಹರಡಿತು. 1951ರ ಜನವರಿಯಲ್ಲಿ ಯೋಜನೆಯನ್ನು ಕೈಬಿಟ್ಟು ಮೂರೂವರೆ ಕೋಟಿ ಪೌಂಡಿಗೂ ಹೆಚ್ಚಿನ ಹಣವನ್ನು ನಷ್ಟದ ಲೆಕ್ಕಕ್ಕೆ ಬರೆದರು. ಅಷ್ಟು ಹಣಕ್ಕೆ ಎಷ್ಟು ಆಸ್ಪತ್ರೆ ಕಟ್ಟಬಹುದಿತ್ತೋ! ಆಹಾರ ಖಾತೆ ಬೇರೆ ಮಂತ್ರಿಯದಾದರೂ ಸರ್ಕಾರ ಅಟ್ಲಿಯವರದು, ಹೊಣೆಯೂ ಅವರದೇ. ಸ್ಟೆಪ್ನಿಯಲ್ಲಿ ಬೀದಿ ಬೀದಿ ತಿರುಗಿದವರ ಸರ್ಕಾರ ಕೊಂಗ್ವಾದಲ್ಲಿ ಒಂದು ಮಳೆಗಾಲವನ್ನೂ ಕಾದು ನೋಡಲಿಲ್ಲ.

ಇನ್ನು ನಮ್ಮ ದೇಶದ ವಿಷಯ. 1946ರಲ್ಲಿ ಮೂವರು ಮಂತ್ರಿಗಳನ್ನು ಇಲ್ಲಿಗೆ ಕಳುಹಿಸಿ ಒಡೆಯದ ಭಾರತಕ್ಕೆ ಒಂದು ವ್ಯವಸ್ಥೆ ಮಾಡಲು ನೋಡಿದರು. ಕಾಂಗ್ರೆಸ್ಸಿಗೂ ಮುಸ್ಲಿಂ ಲೀಗಿಗೂ ಹೊಂದಾಣಿಕೆ ಕೂಡಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ಕೊಲೆಗಳಾದವು. ಗಲಭೆ ಬೇರೆಡೆಗೂ ಹಬ್ಬಿತು. ಆಗಿನ ವೈಸರಾಯ್ ವೇವೆಲ್ ಅವರು, ತಾವೂ ಸೇನಾಪತಿಯಾಗಿದ್ದವರು, ದಕ್ಷಿಣದಿಂದ ಆರಂಭಿಸಿ ಪ್ರಾಂತಪ್ರಾಂತವಾಗಿ ಉತ್ತರಕ್ಕೆ ಸರಿಯುವ ಯೋಜನೆ ಕೊಟ್ಟರು. ಇದು ಸೋತ ಸೈನ್ಯದ ಹಿಮ್ಮೆಟ್ಟುವಿಕೆಯಂತಿದೆ, ರಾಜ್ಯಾಡಳಿತದ ಕ್ರಮವಲ್ಲ ಎಂದು ಅಟ್ಲಿಯವರು ಒಪ್ಪಲಿಲ್ಲ. 1947ರ ಫೆಬ್ರವರಿ 20ರಂದು ಪಾರ್ಲಿಮೆಂಟಿನಲ್ಲಿ ಎದ್ದು, 1948ರ ಜೂನ್ ಒಳಗಾಗಿ ಭಾರತವನ್ನು ಭಾರತೀಯರ ಕೈಗೆ ಒಪ್ಪಿಸುವುದಾಗಿ ಸಾರಿದರು. ವೇವೆಲ್ಲರ ಬದಲು ಮೌಂಟ್‌ಬ್ಯಾಟನ್ನರನ್ನು ಕಳುಹಿಸುವುದಾಗಿಯೂ ತಿಳಿಸಿದರು. ದಿನಾಂಕ ಗೊತ್ತುಮಾಡಿದ್ದು ಸರಿಯೇ ಎಂದು ನನ್ನ ಅಭಿಪ್ರಾಯ. ಗಡುವಿಲ್ಲದ ಮಾತುಕತೆಯಿಂದ ನಮ್ಮ ಹಿರಿಯರು ಬೇಸತ್ತಿದ್ದರು; ಬಿಟ್ಟುಹೋಗುತ್ತೇವೆ ಎಂಬ ಮಾತನ್ನು ದಿನಾಂಕವಿಲ್ಲದೆ ಯಾರೂ ನಂಬುತ್ತಿರಲಿಲ್ಲ. ಚರ್ಚಿಲ್ಲರು ಎದುರು ನಿಂತರೂ ಅಟ್ಲಿಯವರು ಕದಲಲಿಲ್ಲ.

ಆದರೆ ಬಂದ ಎರಡೂವರೆ ತಿಂಗಳಲ್ಲೇ ಮೌಂಟ್‌ಬ್ಯಾಟನ್ನರು ಆ ದಿನಾಂಕವನ್ನು ಹತ್ತು ತಿಂಗಳು ಮುಂಚೆ ತಂದರು. ಲಂಡನ್ ಒಪ್ಪಿತು. ಸ್ವಾತಂತ್ರ್ಯದ ಮಸೂದೆಯನ್ನು ಜುಲೈ 4ರಂದು ಮಂಡಿಸಿ 18ರ ವೇಳೆಗೆ ಶಾಸನವಾಗಿ ಮಾಡಿದರು. ಪಂಜಾಬ್, ಬಂಗಾಳಗಳನ್ನು ಒಡೆಯುವ ಗೆರೆ ಎಳೆಯಲು ರ್‍ಯಾಡ್‌ಕ್ಲಿಫ್ ಎಂಬ ಲಂಡನ್ನಿನ ವಕೀಲರನ್ನು ಕಳುಹಿಸಿದರು. ಅವರು ಅದಕ್ಕೆ ಮುಂಚೆ ಭಾರತವನ್ನು ನೋಡಿದವರೇ ಅಲ್ಲ. ಜುಲೈ 8ರಂದು ಬಂದ ಅವರಿಗಿದ್ದದ್ದು ಐದು ವಾರ. ಎರಡು ಹೊಲಗಳ ನಡುವೆ ಬದುವಿನ ತಕರಾರು ಬಿದ್ದರೆ ಸರ್ವೆಯವರು ಸರಪಳಿ ಹಿಡಿದು ಎಷ್ಟು ಸಲ ಅಳೆಯುತ್ತಾರೆ, ಹಳಬರನ್ನು ಕರೆದು ಎಷ್ಟು ಕೇಳುತ್ತಾರೆ ಎಂಬುದು ನಿಮಗೆ ಗೊತ್ತು. ಇಲ್ಲಿ ಕಾಲುವೆಗಳು ಒಂದು ಕಡೆ, ಅವುಗಳ ನೀರಿನ ಮೂಲ ಇನ್ನೊಂದು ಕಡೆ ಆಯಿತು. ಗಡಿ ಎಲ್ಲಿ ಎಂದು ಪ್ರಕಟವಾದದ್ದು ಆಗಸ್ಟ್ 17ರಂದು, ಸ್ವಾತಂತ್ರ್ಯ ಬಂದು ಎರಡು ದಿನವಾದ ಮೇಲೆ. ತಮ್ಮ ಊರು ಯಾವ ದೇಶದ್ದೆಂದು ಜನಕ್ಕೆ ತಿಳಿಯುವ ಹೊತ್ತಿಗೆ ಕತ್ತಿಗಳು ಹೊರಬಿದ್ದಿದ್ದವು. ಪಂಜಾಬಿನ ಗಡಿ ಕಾಯಲು ಮಾಡಿದ್ದ ದಳವನ್ನು ಒಂದೇ ತಿಂಗಳಲ್ಲಿ ವಿಸರ್ಜಿಸಿದರು. ಸತ್ತವರ ಲೆಕ್ಕ ಇಂದಿಗೂ ಒಮ್ಮತವಿಲ್ಲ. ಎರಡು ಲಕ್ಷದಿಂದ ಇಪ್ಪತ್ತು ಲಕ್ಷದವರೆಗೆ ಹೇಳುತ್ತಾರೆ. ಮನೆಮಠ ಬಿಟ್ಟವರು ಒಂದು ಕೋಟಿಗೂ ಹೆಚ್ಚು.

ಸುವ್ಲಾದ ದಂಡೆಯಲ್ಲಿ ಕೊನೆಯ ಸಿಪಾಯಿ ದೋಣಿ ಹತ್ತುವವರೆಗೆ ಕಾವಲು ನಿಂತಿದ್ದವರು ಇದೇ ಅಟ್ಲಿ. ಅಲ್ಲಿ ಪ್ರತಿಯೊಂದು ರಾತ್ರಿಗೂ ಲೆಕ್ಕವಿತ್ತು, ಕಟ್ಟಕಡೆಗೆ ಯಾರು ಉಳಿಯಬೇಕೆಂದು ಗೊತ್ತಿತ್ತು. ಪಂಜಾಬಿನಲ್ಲಿ ಹಾಗಾಗಲಿಲ್ಲ. ನಮ್ಮ ಮುಖಂಡರೂ ಅವಸರಕ್ಕೆ ಒಪ್ಪಿದ್ದರು ಎಂಬುದು ನಿಜ. ಜನರ ಮನಸ್ಸು ಮೊದಲೇ ಕೆಟ್ಟಿತ್ತು ಎಂಬುದೂ ನಿಜ. ಇಷ್ಟಾದರೂ ಹೊರಡುವ ದಿನವನ್ನು ಹಿಂದೆ ಮುಂದೆ ಮಾಡುವ ಅಧಿಕಾರವಿದ್ದದ್ದು ಲಂಡನ್ನಿಗೆ. ಸಂಸ್ಥಾನಗಳ ಮೇಲೆ ದೊರೆಗಿದ್ದ ಪರಮಾಧಿಕಾರವನ್ನು ಯಾರ ಕೈಗೂ ಕೊಡದೆ ಕೊನೆಗೊಳಿಸಿದ್ದರ ಫಲವನ್ನು ಕನ್ನಡ ಜನವೂ ಉಂಡರು. ಮೈಸೂರು ಭಾರತಕ್ಕೆ ಸೇರಿ, ಚಳವಳಿಯ ಬಳಿಕ 1947ರ ಅಕ್ಟೋಬರಿನಲ್ಲಿ ಜವಾಬ್ದಾರಿ ಸರ್ಕಾರ ಪಡೆಯಿತು. ಹೈದರಾಬಾದಿನ ನಿಜಾಮರು ಸೇರಲೊಲ್ಲೆನೆಂದದ್ದರಿಂದ ಬೀದರ, ಗುಲ್ಬರ್ಗ, ರಾಯಚೂರುಗಳ ಹಳ್ಳಿಗಳು 1948ರ ಸೆಪ್ಟೆಂಬರಿನವರೆಗೆ ರಜಾಕಾರರ ಹಾವಳಿಯಲ್ಲಿ ಬೆಂದವು. ಅಲ್ಲಿಯ ಹಿರಿಯರ ಮನೆಗಳಲ್ಲಿ ಆ ಮಾತು ಇನ್ನೂ ಹಳತಾಗಿಲ್ಲ.

1950ರ ಚುನಾವಣೆಯಲ್ಲಿ ಅಟ್ಲಿಯವರು ಅಲ್ಪ ಬಹುಮತದಿಂದ ಗೆದ್ದರು. ಆಗಲೂ ವಯೊಲೆಟ್ ಅವರೇ ಕಾರು ನಡೆಸಿ ಊರೂರಿಗೆ ಕರೆದೊಯ್ದರು. ಕೊರಿಯ ಯುದ್ಧದ ಖರ್ಚಿಗೆಂದು 1951ರಲ್ಲಿ ಕನ್ನಡಕ, ಕಟ್ಟುಹಲ್ಲುಗಳಿಗೆ ಹಣ ಕೇಳತೊಡಗಿದಾಗ ಆರೋಗ್ಯ ಸೇವೆಯನ್ನು ಕಟ್ಟಿದ ಬೆವನ್ನರೇ ರಾಜೀನಾಮೆ ಕೊಟ್ಟರು. ಅದೇ ವರ್ಷದ ಅಕ್ಟೋಬರಿನ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಕನ್ಸರ್ವೆಟಿವ್ ಪಕ್ಷಕ್ಕಿಂತ ಹೆಚ್ಚು ಮತಗಳು ಬಂದರೂ ಸ್ಥಾನಗಳು ಕಡಿಮೆಯಾಗಿ ಅಧಿಕಾರ ಹೋಯಿತು. 1955ರಲ್ಲಿ ಪಕ್ಷದ ನಾಯಕತ್ವವನ್ನೂ ಬಿಟ್ಟರು. 1965ರ ಜನವರಿಯಲ್ಲಿ, ತಮ್ಮ ಹಳೆಯ ಎದುರಾಳಿ ಚರ್ಚಿಲ್ಲರ ಶವಯಾತ್ರೆಯ ದಿನ, 82 ವರ್ಷದ ಅಟ್ಲಿಯವರು ನಡುಗುವ ಚಳಿಯಲ್ಲಿ ಗೌರವ ಪೆಟ್ಟಿಗೆಧಾರಿಗಳಲ್ಲೊಬ್ಬರಾಗಿ ಬಂದಿದ್ದರು. 1967ರ ಅಕ್ಟೋಬರ್ 8ರಂದು ತೀರಿಕೊಂಡರು. ಆರು ವರ್ಷ ಪ್ರಧಾನಮಂತ್ರಿಯಾಗಿ, ಐದು ವರ್ಷ ಯುದ್ಧಕಾಲದ ಮಂತ್ರಿಯಾಗಿ ಇದ್ದವರು ಬಿಟ್ಟುಹೋದ ಆಸ್ತಿಯ ಬೆಲೆ ಎಲ್ಲ ಸೇರಿ 7,295 ಪೌಂಡು.